ಗಟ್ಟಿಮೇಳಕ್ಕೊಂದು ಗಿಟಾರು

ಡೈರಿ ಬರೆಯುವುದು ಒಳ್ಳೆಯ ಅಭ್ಯಾಸವೆಂದು ಹಿರಿಯರೆಲ್ಲ ಹೇಳುತ್ತಾರೆ. ಅದರಲ್ಲಿರುವ ಒಂದು ದೊಡ್ಡ ತೊಂದರೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಡೈರಿ ಬರೆಯುವವನಿಗೆ ತನ್ನ ಬಗ್ಗೆ ಒಂದಕ್ಕೆರಡು ಸೇರಿಸಿ ಹೇಳಿಕೊಳ್ಳುವ ಸೌಕರ್ಯವೇ ಇರುವುದಿಲ್ಲ. ನಮ್ಮೂರಿನ ಉಳಿದ ಹುಡುಗರು ‘ಚಿಕ್ಕಂದಿನಲ್ಲಿ ದಿನಾ ಮಧುಗಿರಿ ಬೆಟ್ಟ ಹತ್ತಿ ಇಳಿಯುತ್ತಿದ್ದೆವು’ ಎಂದು ಧೈರ್ಯವಾಗಿ ಹೇಳಿಬಿಡುತ್ತಾರೆ. ನಾನು ಬಾಯಿ ತೆರೆದರೆ ಸಾಕು, ಕಪಾಟಿನಲ್ಲಿರುವ ಹನ್ನೆರಡು ಡೈರಿಗಳು ಒಟ್ಟಿಗೆ ಕೆಮ್ಮಿದಂತಾಗುತ್ತದೆ. ನಾನು ಬೆಟ್ಟ ಹತ್ತಿದ್ದು ಆರು ಸಲ, ತುದಿ ಮುಟ್ಟಿದ್ದು ಒಂದು ಸಲ, ಅರ್ಧದಲ್ಲಿ ಅಕ್ಕ ಕೈಹಿಡಿದು ಇಳಿಸಿಕೊಂಡು ಬಂದದ್ದು ಐದು ಸಲ. ಆದ್ದರಿಂದ ನಾನೊಬ್ಬ ಥ್ರ್ಯಾಶ್ ಮೆಟಲ್ ಗಿಟಾರ್ ವಾದಕನಾಗಿದ್ದೆ ಎಂದು ಇಲ್ಲಿ ಹೇಳಿಕೊಳ್ಳುವಾಗಲೂ ಲೆಕ್ಕವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ಅಭ್ಯಾಸ ಮಾಡಿದ್ದು ಮೂರು ವರ್ಷ ಎರಡು ತಿಂಗಳು. ತುಂಡಾದ ತಂತಿಗಳು ಅರವತ್ತೆಂಟು. ಜನರ ಮುಂದೆ ನುಡಿಸಿದ್ದು, ಎಲ್ಲ ಕೂಡಿಸಿದರೆ, ಒಂಬತ್ತು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

ಇಷ್ಟಕ್ಕೇ ಹಳೆಯ ನೆನಪು ಬರೆಯಲು ಕೂತಿದ್ದೇನಲ್ಲ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನಗಿನ್ನೂ ಇಪ್ಪತ್ತಾರು ವರ್ಷ. ಬೆಳಿಗ್ಗೆಯಿಂದ ಹಳೆಯ ಡೈರಿಗಳನ್ನು ಹರಡಿಕೊಂಡು ನಿಟ್ಟುಸಿರು ಬಿಡುತ್ತಿದ್ದವನನ್ನು ಅಜ್ಜಿ ಎರಡು ಸಲ ನೋಡಿ ಹೋದಳು. ಮೂರನೆಯ ಸಲ ನಿಂತು, “ಹಲ್ಲು ಗಟ್ಟಿಯಾಗಿರೋವಾಗ್ಲೇ ಹುರಿಗಡ್ಲೆ ನೆನೆಸ್ಕಂಡು ಅಳ್ತೀಯಲ್ಲೋ, ಮುಂದ್ಕೂ ಒಸಿ ಉಳಿಸ್ಕೋ” ಅಂದಳು.

ಸಂಗೀತ ನನಗೆ ಬಂದದ್ದು ಅಕ್ಕನಿಂದ. ಅಕ್ಕ ಗಿರಿಜ ನನಗಿಂತ ಎರಡು ವರ್ಷ ದೊಡ್ಡವಳು. ನಾನು ಐದನೆಯ ತರಗತಿಯಲ್ಲಿದ್ದಾಗ, ಎಪ್ಪತ್ತರ ದಶಕದ ನಡುವಿನಲ್ಲಿ, ಶಾಲೆಯ ಹಾಡಿನ ಸ್ಪರ್ಧೆಯಲ್ಲಿ ಅವಳಿಗೊಂದು ಬುಲ್‌ಬುಲ್ ತಾರಾ ಬಹುಮಾನವಾಗಿ ಬಂತು. ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ಇನ್ನೊಂದು ಕೈಯಲ್ಲಿ ತಂತಿ ಮೀಟುವ ಪೆಟ್ಟಿಗೆ ಅದು. ಅವಳು ಎರಡು ದಿನ ನುಡಿಸಿ ಬೇಸರಪಟ್ಟಳು, ನಾನು ಬಿಡಲಿಲ್ಲ. ಅಪ್ಪನ ಜವಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಕೂತು ನಾನು ನುಡಿಸುವುದು, ಅವಳು ಹೋಂವರ್ಕ್ ಮಾಡುತ್ತಲೇ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವುದು. ನನ್ನ ಮೊಟ್ಟಮೊದಲ ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ಆ ಅಂಕಗಳೇ. ಎರಡು, ಎರಡು, ಒಂದೂವರೆ, ಮೂರು, ಮತ್ತೆ ಎರಡು. ಮೂರು ಬಂದ ದಿನ ನಾನು ಏನು ಚೆನ್ನಾಗಿ ನುಡಿಸಿದ್ದೆ ಎಂದು ಕೇಳಿದರೆ, “ಇವತ್ತು ಬೇಗ ನಿಲ್ಲಿಸ್ದೆ, ಅದಕ್ಕೆ” ಅಂದಿದ್ದಳು.

ಥ್ರ್ಯಾಶ್ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಎಂಬತ್ತಾರರ ಬೇಸಿಗೆಯಲ್ಲಿ. ಆಗ ನಾನು ಊರಿನ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತನಾಗಿ ಸೇರಿದ್ದೆ. ಬಂದ ಕಾಗದಕ್ಕೆ ನಂಬರು, ತಾರೀಖು ಹಾಕುವ ಕೆಲಸ; ನನ್ನಂಥವನಿಗೆ ಹಬ್ಬದೂಟವಿದ್ದಂತೆ. ಸಂಜೆ ಬಸ್‌ಸ್ಟ್ಯಾಂಡ್ ಪಕ್ಕದ ಮೈಕ್‌ಸೆಟ್ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಅಂಗಡಿಯ ಇಸ್ಮಾಯಿಲ್ ಸಾಬರು ಸಿರಾದಿಂದ ಬಂದು ನೆಲೆಸಿದವರು. ತಾಲ್ಲೂಕಿನ ಯಾವ ಮದುವೆಯಾದರೂ ಅವರ ಹಾರ್ನ್ ಕಟ್ಟದೆ ಚಪ್ಪರ ಏಳುತ್ತಿರಲಿಲ್ಲ. ಅವತ್ತು ಅವರು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ಡನ್ನು ಒರೆಸುತ್ತಿದ್ದರು.

“ಮೂರನೇ ದಫಾ ಒರಸ್ತಾ ಇವ್ನಿ ಸ್ವಾಮಿ. ನಮ್ ಭಾಂಜಾ, ತಂಗಿ ಮಗ, ಬೆಂಗ್ಳೂರಿಂದ ಒಂದು ಕ್ಯಾಸೆಟ್ ತಂದವ್ನೆ. ಹಾಕಿದ್ರೆ ಬರೀ ಖರಖರಾ ಅಂತೈತೆ. ಹೆಡ್ ಖರಾಬ್ ಆಗೋಯ್ತೋ ಏನೋ.”

ಹೆಡ್ ಖರಾಬಾಗಿರಲಿಲ್ಲ. ಆ ಸಂಗೀತವೇ ಹಾಗಿತ್ತು. ಕೇಳದವರಿಗೆ ಹೇಳಬೇಕೆಂದರೆ, ಕಡಲೆಕಾಯಿ ಸುಲಿಯುವ ಯಂತ್ರಕ್ಕೆ ಒಂದು ಕಲ್ಲು ಸಿಕ್ಕಿಕೊಂಡು, ಆ ಕಲ್ಲು ಒಂದಿಷ್ಟೂ ತಾಳ ತಪ್ಪದೆ ತಿರುಗತೊಡಗಿದರೆ ಹೇಗಿರುತ್ತದೋ ಹಾಗೆ. ಸಾಬರು ಕಿವಿ ಮುಚ್ಚಿಕೊಂಡರು. ನಾನು ಮಾತ್ರ ಸೆಕೆಂಡಿಗೆ ಎಷ್ಟು ಮೀಟು ಬೀಳುತ್ತಿದೆ ಎಂದು ಎಣಿಸಲು ಹೋಗಿ, ಎಣಿಸಲಾರದೆ, ಜೀವನದಲ್ಲಿ ಮೊದಲ ಬಾರಿಗೆ ಲೆಕ್ಕಕ್ಕೆ ಸಿಗದ ವಸ್ತುವೊಂದನ್ನು ಕಂಡು ಬೆರಗಾಗಿ ಕೂತೆ. ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: ‘ಇದನ್ನು ಕಲಿತು ಒಂದು ಸಲವಾದರೂ ಜನರ ಮುಂದೆ ನುಡಿಸತಕ್ಕದ್ದು.’ ಕಚೇರಿಯ ಭಾಷೆ ಆಗಲೇ ಅಂಟಿಕೊಂಡಿತ್ತು.

ಕೊರಟಗೆರೆಯಲ್ಲಿ ಒಂದು ಆರ್ಕೆಸ್ಟ್ರಾ ಮುಚ್ಚಿಹೋಗಿತ್ತು. ಅವರ ಗಿಟಾರನ್ನು ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ತಂದೆ. ಅದು ಸಾಧಾರಣ ಮರದ ಗಿಟಾರು. ಸಾಬರು ಹಳೆಯ ಮೈಕಿನ ಹೊಟ್ಟೆಯೊಳಗಿನ ಬಿಲ್ಲೆಯನ್ನು ಕಿತ್ತು ಅದರ ಮೈಗೆ ಅಂಟಿಸಿ, ವೈರು ಎಳೆದು, ತಮ್ಮಲ್ಲಿ ಮೂಲೆಗೆ ಬಿದ್ದಿದ್ದ ಆಂಪ್ಲಿಫೈಯರಿಗೆ ಜೋಡಿಸಿಕೊಟ್ಟರು. ಯಾವ ಮದುವೆಗೂ ಲಾಯಕ್ಕಿಲ್ಲದಷ್ಟು ಕರ್ಕಶವಾಗಿದ್ದ ಆಂಪ್ಲಿಫೈಯರು ಅದು. ನನಗೆ ಬೇಕಿದ್ದದ್ದೂ ಅದೇ. ತಂತಿಗೆ ಬೆಂಗಳೂರಿಗೇ ಹೋಗಬೇಕಾಗಿತ್ತು, ಆದ್ದರಿಂದ ಸೈಕಲ್ಲಿನ ಬ್ರೇಕ್ ವೈರನ್ನು ಬಿಚ್ಚಿ ಎಳೆ ತೆಗೆದು ಕಟ್ಟುತ್ತಿದ್ದೆ. ಆ ವರ್ಷ ನನ್ನ ಸೈಕಲ್ಲಿಗೆ ಬ್ರೇಕ್ ಇದ್ದದ್ದು ಒಟ್ಟು ನಲವತ್ತು ದಿನ. ಮೀಟಲು ಸೋಪ್‌ಬಾಕ್ಸಿನ ಮುಚ್ಚಳವನ್ನು ತ್ರಿಕೋನವಾಗಿ ಕತ್ತರಿಸಿಕೊಂಡಿದ್ದೆ. ಹಾಡೊಂದನ್ನು ಕ್ಯಾಸೆಟ್ ಹಿಂದೆ ಮುಂದೆ ಮಾಡಿ ಕಲಿಯಲು ಎಂಟು ತಿಂಗಳು ಹಿಡಿಯಿತು. ಅಪ್ಪ ಒಂದು ದಿನ ಅಂಗಡಿಯಿಂದ ಬಂದವರೇ, “ಇದಕ್ಕೇನಂತಾರೆ?” ಎಂದು ಕೇಳಿದರು. ಥ್ರ್ಯಾಶ್ ಎಂದೆ. ಅವರು ನಿಘಂಟು ತೆಗೆದು ನೋಡಿ, “ಬಡಿ, ಥಳಿಸು ಅಂತ ಐತೆ. ಸರಿ, ನಂಗೂ ಅದೇ ಯೋಚ್ನೆ ಬಂದಿತ್ತು” ಎಂದು ಮುಚ್ಚಿಟ್ಟರು.

ನಿಜವಾದ ತೊಂದರೆ ಶುರುವಾದದ್ದು ಅಕ್ಕನಿಗೆ ಗಂಡು ನೋಡತೊಡಗಿದಾಗ. ಬಂದ ಗಂಡುಗಳು ಒಟ್ಟು ಏಳು. ಮೂರನೆಯವರು ಕೊರಟಗೆರೆ ಕಡೆಯವರು, ಒಳ್ಳೆಯ ಮನೆತನ. ಅವರು ಬರುವುದು ನಾಲ್ಕು ಗಂಟೆಗೆಂದು ನಾನೇ ಡೈರಿಯಲ್ಲಿ ಗುರುತು ಹಾಕಿಕೊಂಡು, ಮೂರೂವರೆಯವರೆಗೆ ಅಭ್ಯಾಸ ಮಾಡಬಹುದೆಂದು ಮಹಡಿಯಲ್ಲಿ ಕೂತಿದ್ದೆ. ಅವರ ಬಸ್ಸು ಬೇಗ ಬಂತು. ಕೆಳಗೆ ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವುದಕ್ಕೂ, ಮೇಲೆ ನಾನು ಹಾಡಿನ ಅತಿ ವೇಗದ ಭಾಗಕ್ಕೆ ಕೈಹಾಕುವುದಕ್ಕೂ ಸರಿಹೋಯಿತಂತೆ. ಗಂಡಿನ ತಾಯಿ ಸೂರು ನೋಡುತ್ತಾ, “ಮೇಲೇನು ಹಿಟ್ಟಿನ ಗಿರಣಿ ಇಟ್ಟಿದೀರಾ?” ಎಂದು ಕೇಳಿದರು. ಅಪ್ಪ ನಾಚಿಕೆಗೆ, “ಹೂಂ ಕಣಮ್ಮ, ಒಂದು ಸಣ್ಣದು” ಅಂದುಬಿಟ್ಟರು. ಬಂದವರಿಗೆ ತುಂಬ ಸಂತೋಷವಾಯಿತು. ಜವಳಿ ಅಂಗಡಿಯ ಜೊತೆಗೆ ಗಿರಣಿಯೂ ಇದೆಯೆಂದರೆ ಯಾರಿಗೆ ಬೇಡ? ಒಪ್ಪಿಗೆ ಹೇಳಿಕಳಿಸಿದರು. ಹದಿನೈದು ದಿನದಲ್ಲಿ ಯಾರಿಂದಲೋ ವಿಚಾರಿಸಿ, ಮಧುಗಿರಿಯಲ್ಲಿ ನಮ್ಮ ಹೆಸರಿನ ಗಿರಣಿಯೇ ಇಲ್ಲವೆಂದು ತಿಳಿದು, ಸುಳ್ಳು ಹೇಳುವವರ ಮನೆಯ ಹೆಣ್ಣು ಬೇಡವೆಂದರು.

ಅಕ್ಕ ಆ ಸಂಜೆ ನನ್ನ ಹತ್ತಿರ ಬಂದು ಕೂತಳು. ಬೈಯುತ್ತಾಳೆಂದು ಕಾದೆ. “ಆ ಗಂಡು ಮೂಗಲ್ಲಿ ಮಾತಾಡ್ತಿದ್ದ, ಬಿಡು. ಆದ್ರೆ ನೋಡಪ್ಪ, ಇನ್ನೊಂದು ಎರಡು ವರ್ಷ ಹಿಂಗೇ ಗಿರಣಿ ಓಡಿಸ್ದೆ ಅಂದ್ರೆ, ಆಮೇಲೆ ನಾನಿಲ್ಲೇ ಕೂತು ಹಿಟ್ಟು ಜಲ್ಲಿಸ್ಕೊಂಡಿರಬೇಕಾಗ್ತದೆ” ಅಂದಳು. ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಅವಳಿಗಾಗ ಇಪ್ಪತ್ತಾರು ನಡೆಯುತ್ತಿತ್ತು. ಅವಳ ಜೊತೆ ಓದಿದವರ ಮಕ್ಕಳು ಶಾಲೆಗೆ ಹೋಗುತ್ತಿದ್ದವು. ಅಪ್ಪನ ಆಜ್ಞೆಯಾಯಿತು: ಗಿರಿಜನ ಕತ್ತಿಗೆ ತಾಳಿ ಬೀಳುವವರೆಗೆ ಆ ಪೆಟ್ಟಿಗೆ ಈ ಮನೆಯಲ್ಲಿ ಕೂಗಕೂಡದು.

ಅಂದಿನಿಂದ ಭಾನುವಾರಗಳಂದು ಗಿಟಾರು ಹೊತ್ತುಕೊಂಡು ಬೆಟ್ಟದ ಬುಡಕ್ಕೆ ಹೋಗತೊಡಗಿದೆ. ಅಲ್ಲಿ ಕರೆಂಟಿಲ್ಲ. ಕರೆಂಟಿಲ್ಲದ ಥ್ರ್ಯಾಶ್ ಎಂದರೆ ಒಗ್ಗರಣೆಯಿಲ್ಲದ ಸಾರು. ಅಷ್ಟು ದೊಡ್ಡ ಬಂಡೆಯ ಕೆಳಗೆ ಕೂತು ಕೆರೆದರೆ, ಗೋಡೆಯ ಹಿಂದೆ ಇಲಿ ಓಡಾಡಿದಷ್ಟೇ ಸದ್ದು. ಕುರಿ ಮೇಯಿಸುತ್ತಿದ್ದ ಗೊಲ್ಲರ ಚಿತ್ತಣ್ಣ ಮೂರು ಭಾನುವಾರ ದೂರದಿಂದ ನೋಡಿ, ನಾಲ್ಕನೆಯ ಭಾನುವಾರ ಹತ್ತಿರ ಬಂದ. “ಅಲ್ಲ ಸ್ವಾಮಿ, ಅಷ್ಟು ಬಿರ್ರನೆ ಕೈ ಆಡುಸ್ತೀರ, ಬೆವರ್ ಸುರುಸ್ತೀರ, ಸದ್ದೇ ಬರಾಕಿಲ್ವಲ್ಲ. ಏನಾನ ಕೆಟ್ಟೋಗೈತಾ ಅಂತ?” ನಾನು ಇದಕ್ಕೆ ಕರೆಂಟು ಬೇಕೆಂದೆ. ಅವನು ಬಹಳ ಹೊತ್ತು ಯೋಚಿಸಿ, “ಅಂಗಾರೆ ಕರೆಂಟ್ ಇರೋ ತಾವೇ ಕುಂತ್ಕಳದಲ್ವಾ?” ಎಂದು ಕೇಳಿ ಹೋದ. ನನ್ನ ಜೀವನದ ಸಮಸ್ಯೆಯನ್ನು ಅಷ್ಟು ಸರಳವಾಗಿ ಬೇರೆ ಯಾರೂ ಹೇಳಿಲ್ಲ. ಪ್ರತಿ ತಿಂಗಳ ಕೊನೆಯ ಪುಟದಲ್ಲಿ ‘ಜನರ ಮುಂದೆ ನುಡಿಸಿದ್ದು’ ಎಂಬ ಬಾಬತ್ತಿಗೆ ಎದುರಾಗಿ ಸೊನ್ನೆ ಬರೆಯುತ್ತಾ ಬಂದೆ. ಹಾಗೆ ಬರೆದ ಸೊನ್ನೆಗಳು ಇಪ್ಪತ್ತೆರಡು.

ಏಳನೆಯ ಗಂಡು ಪಾವಗಡದವರು. ಹುಡುಗ ಶಾಲೆಯ ಮೇಷ್ಟ್ರು, ಮಾತು ಕಡಿಮೆ, ಅಕ್ಕನಿಗೆ ಹಿಡಿಸಿದ. ವೈಶಾಖದಲ್ಲಿ ಮಧುಗಿರಿಯಲ್ಲೇ ಮದುವೆಯೆಂದಾಯಿತು. ಮದುವೆಯ ಪಟ್ಟಿ ಬರೆಯುವ ಕೆಲಸವನ್ನು ಅಪ್ಪ ನನಗೊಪ್ಪಿಸಿದರು. ನೂರಾ ಹದಿನೇಳು ಬಾಬತ್ತು. ಬಾಳೆಎಲೆಯಿಂದ ಹಿಡಿದು ಹಲ್ಲುಕಡ್ಡಿಯವರೆಗೆ ಒಂದೊಂದನ್ನೂ ಎರಡು ಸಲ ಕೇಳಿ, ನೋಡಿ, ಗುರುತು ಹಾಕಿದೆ. ಕೇಳದೆಯೇ ಗುರುತು ಹಾಕಿದ್ದು ಒಂದಕ್ಕೆ ಮಾತ್ರ, ಅದು ಓಲಗಕ್ಕೆ. ನಮ್ಮ ಬಳಗದಲ್ಲಿ ಓಲಗದವರನ್ನು ಗಂಡಿನ ಕಡೆಯವರೇ ಕರೆತರುವುದು. ಅದರಲ್ಲಿ ಕೇಳುವುದೇನಿದೆ? ಅವರ ಬಳಗದಲ್ಲಿ ಹೆಣ್ಣಿನ ಕಡೆಯವರೇ ಕರೆತರುವುದಂತೆ. ಅವರೂ ಕೇಳಲಿಲ್ಲ.

ಹಿಂದಿನ ದಿನದ ವರಪೂಜೆಗೆ ಸಾಬರು ನಾಗಸ್ವರದ ಕ್ಯಾಸೆಟ್ ಹಾಕಿದ್ದರು. ಛತ್ರದ ಗಲಾಟೆಯಲ್ಲಿ ಅದು ಕ್ಯಾಸೆಟ್ಟೋ ಮನುಷ್ಯರೋ ಎಂದು ನೋಡುವ ಪುರುಸೊತ್ತು ಯಾರಿಗಿತ್ತು? ಗಂಡಿನ ಸೋದರಮಾವ, ದೊಡ್ಡ ಮೀಸೆಯ ಮನುಷ್ಯ, ಅಪ್ಪನ ಬೆನ್ನು ತಟ್ಟಿ, “ಮೀ ಓಲಗ ಚಾಲಾ ಬಾಗುಂದಿ ಬಾವಾ! ನಿಮ್ಮ ಓಲಗ ಭಾಳ ಚೆನ್ನಾಗೈತೆ!” ಎಂದರು. ಅಪ್ಪ ಕೈಮುಗಿದು, “ಎಲ್ಲಾ ನಿಮ್ಮ ದಯೆ” ಎಂದರು. ಇವರು ಎಂಥ ವಿನಯವಂತರೆಂದು ಇಬ್ಬರೂ ಪರಸ್ಪರ ಮೆಚ್ಚಿಕೊಂಡು ಊಟಕ್ಕೆ ಹೋದರು.

ಮುಹೂರ್ತ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ. ಒಂಬತ್ತು ಗಂಟೆಗೆ ಮದುವೆ ಮಾಡಿಸುವ ಅಯ್ಯನವರು, “ಓಲಗದವರು ಹತ್ರ ಬಂದು ಕೂತ್ಕೊಳ್ಳಲಿ” ಅಂದರು. ಯಾರೂ ಬರಲಿಲ್ಲ. ಸೋದರಮಾವ ಅಪ್ಪನನ್ನು ನೋಡಿದರು. ಅಪ್ಪ ಸೋದರಮಾವನನ್ನು ನೋಡಿದರು.

“ಏಮಯ್ಯಾ, ಓಲಗ ಎಕ್ಕಡ? ಹೆಣ್ಣಿನೋರೇ ಅಲ್ವಾ ತರೋದು!”

“ನಮ್ಮಲ್ಲಿ ಗಂಡಿನೋರು ಕಣ್ರೀ!”

“ನಿನ್ನೆ ಬಾರುಸ್ತಾ ಇದ್ರಲ್ಲಯ್ಯಾ, ಅವ್ರು ಎಲ್ಲಿ ಹೋದ್ರು?”

ನಿನ್ನೆ ಬಾರಿಸಿದವರು ಸಾಬರ ಕೈಯಲ್ಲಿದ್ದರು. ಮಿಷಿನ್ನು ಟೇಪನ್ನು ತಿಂದುಬಿಟ್ಟಿತ್ತು. ಶ್ಯಾವಿಗೆಯಂತೆ ಹೊರಬಂದಿದ್ದ ಅದನ್ನು ಅವರು ಪೆನ್ಸಿಲಿನಿಂದ ಸುತ್ತುತ್ತಿದ್ದರು. ಒಳ್ಳೆಯ ಲಗ್ನದ ದಿನ, ಹತ್ತು ಹದಿನೈದು ಮೈಲಿಯೊಳಗಿನ ಓಲಗದವರೆಲ್ಲ ಬೇರೆ ಬೇರೆ ಮದುವೆಗಳಲ್ಲಿದ್ದರು. ಪಟ್ಟಿ ಯಾರು ಬರೆದದ್ದೆಂದು ಅಪ್ಪ ಕೇಳಲಿಲ್ಲ, ನನ್ನ ಕಡೆ ನೋಡಿದರು, ಅಷ್ಟೆ. ಅಮ್ಮ ಮಂಟಪದ ಕಂಬ ಹಿಡಿದು ಕೂತುಬಿಟ್ಟಳು. ಬರೀ ಮಂತ್ರ ಹೇಳಿ ಕಟ್ಟಿಸೋಣವೆಂದು ಯಾರೋ ಅಂದದ್ದೇ ತಡ, ಅಜ್ಜಿ ಎದ್ದು ನಿಂತಳು.

“ಗಟ್ಟಿಮೇಳ ಇಲ್ದೆ ತಾಳಿ ಕಟ್ಟಾದಾ? ಆ ಗಳಿಗೇಲಿ ಯಾರಾನ ಸೀನಿದ್ರೆ? ಯಾರಾನ ‘ಇಲ್ಲ’ ಅಂದ್ರೆ? ಮಗೀನ ಕಿವಿಗೆ ಅದು ಬಿದ್ರೆ ಯಾರು ಗತಿ?” ತಟ್ಟೆ ಬಡಿಯಬಹುದೆಂದು ಸೋದರಮಾವ ಸೂಚಿಸಿದರು. “ತಟ್ಟೆ ಬಡಿಯಾದು ಹೊಲ್ದಾಗೆ ಹಕ್ಕಿ ಓಡ್ಸಾಕೆ ಕಣಪ್ಪ. ಇದು ಮದ್ವೆ” ಅಂದಳು ಅಜ್ಜಿ. ಗಂಡಿನ ಕಡೆಯ ಹೆಂಗಸರು ಗುಂಪಾಗಿ ಪಿಸುಗುಡತೊಡಗಿದರು. ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಅಕ್ಕನ ಬಾಸಿಂಗ ಮಾತ್ರ ಸಣ್ಣಗೆ ನಡುಗುತ್ತಿತ್ತು. ಈ ಗಂಡೂ ಎದ್ದುಹೋದರೆ ಎಂಟನೆಯದು ಬರುತ್ತದೆಯೇ ಎಂಬ ಲೆಕ್ಕ ನನ್ನ ತಲೆಗೂ ಬಂತು. ಉತ್ತರ ಬರೆಯುವ ಧೈರ್ಯ ಬರಲಿಲ್ಲ.

ಆಗ ಸಾಬರು ಟೇಪು ಕೆಳಗಿಟ್ಟು, “ಆವಾಜ್ ಬೇಕು ಅಂತ ಅಷ್ಟೇ ಅಲ್ವಾ ಅಜ್ಜಿ? ನಿಮ್ ಮೊಮ್ಮಗಂದು ಐತಲ್ಲ ಆ ಖರಖರಾ ಪೆಟ್ಗೆ. ಅದ್ನ ನನ್ ಆಂಪ್ಲಿಫೈಯರ್‌ಗೆ ಕೊಟ್ಬುಟ್ರೆ ಸೀನೋದಿರ್ಲಿ, ಪಟಾಕಿ ಹೊಡೆದ್ರೂ ಕೇಳ್ಸಲ್ಲ” ಅಂದರು.

ಇಡೀ ಛತ್ರ ಅಪ್ಪನ ಮುಖ ನೋಡಿತು. ಅಪ್ಪ ಒಂದು ನಿಮಿಷ ಕಣ್ಣು ಮುಚ್ಚಿಕೊಂಡರು. ಆಮೇಲೆ ನನಗೆ, “ಹೋಗು, ಗಿರಣಿ ತಗಂಬಾ” ಅಂದರು.

ಬ್ರೇಕಿಲ್ಲದ ಸೈಕಲ್ಲಿನಲ್ಲಿ ಮನೆಗೆ ಹೋಗಿಬರಲು ಹನ್ನೊಂದು ನಿಮಿಷ. ಸಾಬರು ಸದ್ದಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದರು. ಒಂಬತ್ತು ನಲವತ್ತಕ್ಕೆ ಅಯ್ಯನವರು ಬೆರಳೆತ್ತಿ “ಗಟ್ಟಿಮೇಳ! ಗಟ್ಟಿಮೇಳ!” ಎಂದರು. ನಾನು ಮೀಟಿದೆ. ಛತ್ರದ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಹೊರಗಿನ ಹಾರ್ನುಗಳು ಬಸ್‌ಸ್ಟ್ಯಾಂಡಿನ ಕಡೆಗಿದ್ದುದರಿಂದ ಪಾವಗಡದ ಬಸ್ಸಿನ ಡ್ರೈವರು ಎಂಜಿನ್ನಿಗೇನೋ ಆಯಿತೆಂದು ಇಳಿದು ಬಾನೆಟ್ ತೆಗೆದನಂತೆ. ಅಯ್ಯನವರ ತುಟಿ ಮಾತ್ರ ಆಡುತ್ತಿತ್ತು. ಭಾವನ ಕೈಯಿಂದ ತಾಳಿ ಜಾರಿ, ಸೋದರಮಾವ ಹಿಡಿದುಕೊಟ್ಟು, ಮತ್ತೆ ಜಾರಿ, ಮೂರು ಗಂಟು ಬೀಳಲು ಎರಡು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಇವೆಲ್ಲ ಆಮೇಲೆ ಕೇಳಿ ತಿಳಿದದ್ದು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎಂಟು ತಿಂಗಳು ಕಲಿತ ಹಾಡು ಒಂದು ಮೀಟೂ ತಪ್ಪದೆ ಬರುತ್ತಿತ್ತು. ಮೂರನೆಯ ಗಂಟು ಬಿದ್ದು ಅಕ್ಷತೆ ಮುಗಿದರೂ ನನಗೆ ಗೊತ್ತಾಗಲಿಲ್ಲ. ಇನ್ನೂ ನಲವತ್ತು ಸೆಕೆಂಡಾದ ಮೇಲೆ ಸಾಬರು ಪ್ಲಗ್ ಕಿತ್ತರು.

ಕಣ್ಣು ಬಿಟ್ಟೆ. ಮೊದಲು ಮಾತಾಡಿದವಳು ಅಜ್ಜಿ. “ಇದಪ್ಪಾ ಗಟ್ಟಿಮೇಳ ಅಂದ್ರೆ! ನಾನೇ ಎರಡು ದಪ ಸೀನ್ದೆ, ನಂಗೇ ಕೇಳಿಸ್ಲಿಲ್ಲ.” ಸೋದರಮಾವ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು. ಆ ತಿಂಗಳ ಕೊನೆಯ ಪುಟದಲ್ಲಿ ಸೊನ್ನೆಯ ಬದಲು ಒಂದು ಎಂದು ಬರೆದೆ, ಕೆಂಪು ಶಾಯಿಯಲ್ಲಿ.

ಮುಂದಿನ ಲಗ್ನದ ಕಾಲಕ್ಕೆ ನಾಲ್ಕು ಕಡೆಯಿಂದ ಕರೆ ಬಂತು: ಪಾವಗಡದ ಎರಡು, ಸಿರಾ ಕಡೆಯ ಒಂದು, ಕೊರಟಗೆರೆಯ ಒಂದು. ಎಲ್ಲವೂ ಗಟ್ಟಿಮೇಳಕ್ಕೆ ಮಾತ್ರ. ಆರತಕ್ಷತೆಯಲ್ಲಿ ಪೂರ್ತಿ ಹಾಡು ನುಡಿಸಲೇ ಎಂದು ಕೇಳಿದರೆ, “ಅಯ್ಯೋ ಬ್ಯಾಡಿ ಸ್ವಾಮಿ, ಜನ ಕೇಳಿಸ್ಕಬೇಕಲ್ಲ” ಎನ್ನುತ್ತಿದ್ದರು. ನಾಲ್ಕೂ ಸೇರಿ ಆರು ನಿಮಿಷ. ಯೋಚಿಸಿದರೆ ವಿಚಿತ್ರವೇ. ಗಟ್ಟಿಮೇಳವನ್ನು ಯಾರೂ ಕೇಳುವುದಿಲ್ಲ. ಬೇರೇನೂ ಕೇಳಿಸಬಾರದೆಂದು ಬಾರಿಸುವುದು ಅದು. ಕೊರಟಗೆರೆಯಲ್ಲಿ ನನ್ನ ಪಕ್ಕ ಕೂತಿದ್ದ ವಯಸ್ಸಾದ ಡೋಲಿನವರು ಕಷ್ಟ ಸುಖ ವಿಚಾರಿಸಿ, “ಬಾರ್ಸಾದು ಯಾರಾನ ಬಾರುಸ್ತಾರೆ ಮಗಾ. ಕಣ್ ಬುಟ್ಕಂಡು ಬಾರ್ಸು. ಹೆಣ್ಣಿನ ಮಕ ನೋಡ್ತಾ ಬಾರಿಸ್ಬೇಕು” ಅಂದರು. ಆ ಮಾತನ್ನು ಬರೆದಿಟ್ಟುಕೊಂಡೆ. ಬರೆದಿಟ್ಟುಕೊಳ್ಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದಿಲ್ಲ.

ಹೋದ ವಾರ ಅಕ್ಕ ಬಂದಿದ್ದಳು. ಮಧ್ಯಾಹ್ನ ನಾನು ಕಚೇರಿಯಿಂದ ಊಟಕ್ಕೆ ಬಂದಾಗ, ನನ್ನ ಕಪಾಟು ತೆಗೆದು ಮದುವೆಯ ವರ್ಷದ ಡೈರಿ ಓದುತ್ತಾ ಕೂತಿದ್ದಳು. ಗಟ್ಟಿಮೇಳದ ಪುಟ.

“‘ಅಕ್ಕ ನಗುತ್ತಿದ್ದಳು’ ಅಂತ ಬರೆದಿದೀಯಲ್ಲೋ. ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ. ನಾನೇ... ನಗ್ತಿದ್ದೆ ತಾನೆ?”

“ಅಳ್ತಿದ್ದೆ ಕಣೋ. ಬಾಯಿ ಬಿಟ್ಟು ಜೋರಾಗಿ ಅತ್ಬಿಟ್ಟೆ. ಬೆಳಗಿಂದ ತಡ್ಕೊಂಡಿದ್ದು, ಈ ಮನೆ ಬಿಟ್ಟು ಹೋಗ್ಬೇಕಲ್ಲ ಅಂತ. ನಿಮ್ ಭಾವಂಗೂ ಗೊತ್ತಿಲ್ಲ, ಅಮ್ಮಂಗೂ ಗೊತ್ತಿಲ್ಲ. ಅಷ್ಟು ಜನದ ಮಧ್ಯೆ ಮನಸ್ ತುಂಬಾ ಅಳೋ ಯೋಗ ಯಾರಿಗ್ ಸಿಗ್ತದೆ? ನೀನು ಅದಕ್ಕೇ ಅಷ್ಟು ಹೊತ್ತು ಬಾರಿಸ್ತಿದೀಯ ಅನ್ಕೊಂಡಿದ್ದೆ.”

ಡೈರಿಯನ್ನು ಅವಳ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟೆ. ಮದುವೆಯ ದಿನ ನಾನು ಅವಳಿಂದ ನಾಲ್ಕಡಿ ದೂರದಲ್ಲಿ ಕೂತಿದ್ದೆ. ಅವಳು ಪಾವಗಡದ ಬಸ್ಸು ಹತ್ತಿದ ಮೇಲೆ ಮನೆಗೆ ಬಂದು, ಆ ಸಾಲನ್ನು ಹೊಡೆದುಹಾಕಿ ನಡೆದದ್ದನ್ನು ನಡೆದಂತೆ ಬರೆಯೋಣವೆಂದು ಡೈರಿ ತೆಗೆದೆ. ಪುಟದಲ್ಲಿ ಜಾಗವೇ ಇರಲಿಲ್ಲ. ಮೂರನೆಯ ತಂತಿ ಎಷ್ಟು ಸಡಿಲವಾಗಿತ್ತು, ತಿರುಗಣೆ ಎಷ್ಟರಲ್ಲಿತ್ತು, ಪಾರಿವಾಳ ಎಷ್ಟು, ಯಾರು ಯಾರು ನನ್ನನ್ನು ಏನೆಂದು ಹೊಗಳಿದರು ಎಂಬುದೆಲ್ಲ ಅಂಚಿನವರೆಗೂ ತುಂಬಿಕೊಂಡಿತ್ತು.